ಶುದ್ಧ ಧ್ವನಿಯ ಶಿಲ್ಪಿ ಆರ್ಮ್‌ಸ್ಟ್ರಾಂಗ್

1890ರಲ್ಲಿ ನ್ಯೂಯಾರ್ಕಿನಲ್ಲಿ ಜನಿಸಿದ ಎಡ್ವಿನ್ ಹೋವರ್ಡ್ ಆರ್ಮ್‌ಸ್ಟ್ರಾಂಗ್ ಅವರು ಬಾನುಲಿಯನ್ನು ಕಾಡುತ್ತಿದ್ದ ಸಿಡಿಲಿನ ಕರಕರ ಸದ್ದನ್ನು ಅಡಗಿಸಲು ಬಹುಕಾಲ ಶ್ರಮಿಸಿದರು. ಪ್ರೇಷಕದ ಶಕ್ತಿಯನ್ನು ಹೆಚ್ಚಿಸುವ ಬದಲು ಅಲೆಯ ಕಂಪನಾಂಕವನ್ನೇ ವಿಶಾಲವಾಗಿ ಏರಿಳಿಸುವ ಎಫ್.ಎಂ. ವಿಧಾನಕ್ಕೆ 1933ರಲ್ಲಿ ಹಕ್ಕುಪತ್ರ ಪಡೆದರು. ನ್ಯೂಜೆರ್ಸಿಯ ಆಲ್ಪೈನಿನಲ್ಲಿ ಸ್ವಂತ ಹಣದಿಂದ ಪ್ರಸಾರಗೋಪುರವನ್ನು ನಿಲ್ಲಿಸಿ ಅದರ ನಿರ್ಮಲ ಧ್ವನಿಯನ್ನು ಲೋಕಕ್ಕೆ ಕೇಳಿಸಿದರು.

ಆದರೆ ತರಂಗಗಳನ್ನು ಹಂಚುವ ಹೊಣೆ ಅಮೆರಿಕದ ಸಂಪರ್ಕ ಆಯೋಗದ್ದಾಗಿತ್ತು. ಸೂರ್ಯಕಲೆಗಳು ಹೆಚ್ಚಿದಾಗ ದೂರದ ಕೇಂದ್ರಗಳು ಒಂದಕ್ಕೊಂದು ಅಡ್ಡಬರಬಹುದೆಂಬ ಶಂಕೆಯಿಂದ ಆಯೋಗವು 1945ರಲ್ಲಿ ಎಫ್.ಎಂ. ಪ್ರಸಾರವನ್ನು 42–50 ಮೆಗಾಹರ್ಟ್ಸಿನಿಂದ 88ರ ಮೇಲಕ್ಕೆ ಸರಿಸಿತು. ಆರ್ಮ್‌ಸ್ಟ್ರಾಂಗ್ ಅವರ ವಾದ ಫಲಿಸಲಿಲ್ಲ. ಹಳೆಯ ಗ್ರಾಹಕಗಳೆಲ್ಲ ನಿರುಪಯುಕ್ತವಾದವು. ಅಡಚಣೆಯನ್ನು ಗೆದ್ದವರಿಗೆ ಅಡಚಣೆಯ ಭಯವೇ ಅಡ್ಡಿಯಾಯಿತು. ಹಕ್ಕುಪತ್ರದ ವ್ಯಾಜ್ಯಗಳಲ್ಲಿ ಬಳಲಿ 1954ರಲ್ಲಿ ಅವರು ತಾವೇ ಪ್ರಾಣ ನೀಗಿದರು. ಪತ್ನಿ ಮೇರಿಯನ್ ವ್ಯಾಜ್ಯಗಳನ್ನು ಮುಂದುವರಿಸಿ 1967ರ ವೇಳೆಗೆ ಗೆದ್ದರು. ಆಯೋಗ ತೋರಿದ ಆ ಮೇಲಿನ ಪಟ್ಟಿಯಲ್ಲಿಯೇ ಇಂದು ಎಫ್.ಎಂ. ಲೋಕವ್ಯಾಪಿಯಾಗಿದೆ.