ಮೊಬುಟು ಸೆಸೆ ಸೆಕೊ

ಮೊಬುಟು ಸೆಸೆ ಸೆಕೊ (ಜನನ: 14 ಅಕ್ಟೋಬರ್ 1930, ಲಿಸಾಲಾ, ಮರಣ: 7 ಸೆಪ್ಟೆಂಬರ್ 1997, ರಬಾತ್) ಮಧ್ಯ ಆಫ್ರಿಕಾದ ಕಾಂಗೋ ದೇಶವನ್ನು 1965ರಿಂದ 1997ರವರೆಗೆ ಆಳಿದ ಸೇನಾಧಿಕಾರಿ ಮತ್ತು ಸರ್ವಾಧಿಕಾರಿ. 1971ರಲ್ಲಿ ಈತನು ದೇಶಕ್ಕೆ ಜೈರ್ ಎಂದು ಮರುನಾಮಕರಣ ಮಾಡಿದನು. ಅಮೆರಿಕ, ಬೆಲ್ಜಿಯಂ ಮತ್ತು ಫ್ರಾನ್ಸ್ ದೇಶಗಳ ಚುನಾಯಿತ ಸರ್ಕಾರಗಳು ಈತನಿಗೆ ಹಣವನ್ನೂ ಶಸ್ತ್ರಾಸ್ತ್ರಗಳನ್ನೂ ಅಗತ್ಯಬಿದ್ದಾಗ ಸೈನ್ಯವನ್ನೂ ಒದಗಿಸಿದವು. ಪ್ರಜಾಪ್ರಭುತ್ವ ರಾಷ್ಟ್ರಗಳು ಪರದೇಶಗಳ ಸರ್ವಾಧಿಕಾರಿಗಳನ್ನು ಏಕೆ ಬೆಂಬಲಿಸುತ್ತವೆ ಎಂಬ ಚರ್ಚೆಯಲ್ಲಿ ಈತನ ಆಳ್ವಿಕೆಯು ಮುಖ್ಯ ನಿದರ್ಶನವಾಗಿದೆ.

ಆರಂಭಿಕ ಜೀವನ

ಜೋಸೆಫ್-ಡೆಜಿರೆ ಮೊಬುಟು ಎಂಬುದು ಈತನ ಮೊದಲ ಹೆಸರು. ಕಾಂಗೋ ನದಿಯ ದಡದಲ್ಲಿರುವ ಲಿಸಾಲಾ ಪಟ್ಟಣದಲ್ಲಿ, ಎನ್‌ಬಾಂಡಿ ಜನಾಂಗದ ಕುಟುಂಬದಲ್ಲಿ ಜನಿಸಿದನು. ತಂದೆಯು ಬೆಲ್ಜಿಯನ್ ನ್ಯಾಯಾಧೀಶನೊಬ್ಬನ ಮನೆಯಲ್ಲಿ ಅಡುಗೆಯವನಾಗಿದ್ದನು. ಮೊಬುಟು ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡನು. ಕ್ಯಾಥೊಲಿಕ್ ಮಿಷನ್ ಶಾಲೆಗಳಲ್ಲಿ ಓದಿದ ನಂತರ ವಸಾಹತು ಸೇನೆಗೆ ಸೇರಿಸಲ್ಪಟ್ಟು ಸಾರ್ಜೆಂಟ್ ಹುದ್ದೆಗೆ ಏರಿದನು. ಆ ಸೇನೆಯ ಅಧಿಕಾರಿಗಳೆಲ್ಲರೂ ಬೆಲ್ಜಿಯನ್ನರಾಗಿದ್ದರು. 1956ರಲ್ಲಿ ಸೇನೆಯನ್ನು ಬಿಟ್ಟು ರಾಜಧಾನಿ ಲಿಯೋಪೋಲ್ಡ್‌ವಿಲ್‌ನಲ್ಲಿ (ಇಂದಿನ ಕಿನ್ಶಾಸಾ) ಪತ್ರಕರ್ತನಾದನು. ಅಲ್ಲಿ ರಾಷ್ಟ್ರೀಯವಾದಿ ನಾಯಕ ಪ್ಯಾಟ್ರಿಸ್ ಲುಮುಂಬಾನ ಪರಿಚಯವಾಗಿ ಆತನ ಪಕ್ಷವನ್ನು ಸೇರಿದನು.

ಕಾಂಗೋ ಬಿಕ್ಕಟ್ಟು

ಕಾಂಗೋ 30 ಜೂನ್ 1960ರಂದು ಸ್ವತಂತ್ರವಾಯಿತು. ಲುಮುಂಬಾ ಪ್ರಧಾನಿಯಾದನು, ಜೋಸೆಫ್ ಕಾಸಾವುಬು ಅಧ್ಯಕ್ಷನಾದನು. ಒಂದು ವಾರದೊಳಗೆ ಸೈನಿಕರು ಬೆಲ್ಜಿಯನ್ ಅಧಿಕಾರಿಗಳ ವಿರುದ್ಧ ದಂಗೆಯೆದ್ದರು. ಜುಲೈ 11ರಂದು ತಾಮ್ರದ ಗಣಿಗಳಿಂದ ಸಮೃದ್ಧವಾದ ಕಟಾಂಗಾ ಪ್ರಾಂತ್ಯವು ಪ್ರತ್ಯೇಕತೆಯನ್ನು ಘೋಷಿಸಿತು. ಲುಮುಂಬಾ ಮೊಬುಟುವನ್ನು ಸೇನೆಯ ಮುಖ್ಯಸ್ಥರ ಸಾಲಿಗೆ ಏರಿಸಿದನು. ಕಟಾಂಗಾವನ್ನು ಮರಳಿ ಪಡೆಯಲು ಲುಮುಂಬಾ ಸೋವಿಯತ್ ಒಕ್ಕೂಟದ ನೆರವು ಕೋರಿದ್ದು ಅಮೆರಿಕವನ್ನು ಕಳವಳಗೊಳಿಸಿತು. ಸೆಪ್ಟೆಂಬರ್ 5ರಂದು ಕಾಸಾವುಬು ಪ್ರಧಾನಿಯನ್ನು ವಜಾಗೊಳಿಸಿದನು. ಸೆಪ್ಟೆಂಬರ್ 14ರಂದು ಮೊಬುಟು ಕ್ಷಿಪ್ರಕ್ರಾಂತಿ ನಡೆಸಿ ಸೋವಿಯತ್ ರಾಯಭಾರ ಕಚೇರಿಯನ್ನು ಮುಚ್ಚಿಸಿದನು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಈತನಿಗೆ ಹಣ ನೀಡಿತ್ತೆಂಬುದು ನಂತರ ಬಹಿರಂಗಗೊಂಡ ದಾಖಲೆಗಳಿಂದ ಖಚಿತವಾಗಿದೆ.

ಬಂಧಿತನಾದ ಲುಮುಂಬಾನನ್ನು 17 ಜನವರಿ 1961ರಂದು ಕಟಾಂಗಾಕ್ಕೆ, ಅಂದರೆ ಆತನ ಕಡುವೈರಿಗಳ ವಶಕ್ಕೆ ಕಳುಹಿಸಲಾಯಿತು. ಅಂದೇ ಆತನನ್ನು ಗುಂಡಿಕ್ಕಿ ಕೊಲ್ಲಲಾಯಿತು. ಲುಮುಂಬಾನಿಗೆ ವಿಷವಿಕ್ಕಲು ಸಿಐಎ ಸಂಚು ಹೂಡಿತ್ತೆಂದೂ ಅದು ಕೈಗೂಡಲಿಲ್ಲವೆಂದೂ ಅಮೆರಿಕದ ಸೆನೆಟ್ ಸಮಿತಿಯು 1975ರಲ್ಲಿ ವರದಿ ಮಾಡಿತು. ಬೆಲ್ಜಿಯಂ ಸರ್ಕಾರವು 2002ರಲ್ಲಿ ತನ್ನ ನೈತಿಕ ಹೊಣೆಯನ್ನು ಒಪ್ಪಿಕೊಂಡು ಕ್ಷಮೆ ಯಾಚಿಸಿತು.

ಈ ಬಿಕ್ಕಟ್ಟಿನಲ್ಲಿ ಭಾರತಕ್ಕೂ ಪಾತ್ರವಿತ್ತು. ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿಯ ವಿಶೇಷ ಪ್ರತಿನಿಧಿಯಾಗಿದ್ದ ರಾಜೇಶ್ವರ ದಯಾಳ್ ಅವರು ಮೊಬುಟುವಿನ ಆಡಳಿತಕ್ಕೆ ಮಾನ್ಯತೆ ನೀಡಲು ನಿರಾಕರಿಸಿ, ಆತನ ಸೇನೆಯ ವರ್ತನೆಯನ್ನು ತಮ್ಮ ವರದಿಯಲ್ಲಿ ಕಟುವಾಗಿ ಟೀಕಿಸಿದರು. ಪಾಶ್ಚಾತ್ಯ ಸರ್ಕಾರಗಳ ವಿರೋಧದ ನಡುವೆ 1961ರ ಮೇ ತಿಂಗಳಲ್ಲಿ ಅವರು ಆ ಹುದ್ದೆಯನ್ನು ತೊರೆದರು. ಕಟಾಂಗಾದಲ್ಲಿ ಶಾಂತಿಪಾಲನಾ ಪಡೆಯೊಂದಿಗಿದ್ದ ಕ್ಯಾಪ್ಟನ್ ಗುರ್ಬಚನ್ ಸಿಂಗ್ ಸಲಾರಿಯಾ ಅವರು 5 ಡಿಸೆಂಬರ್ 1961ರಂದು ಹುತಾತ್ಮರಾದರು. ಅವರಿಗೆ ಮರಣೋತ್ತರವಾಗಿ ಪರಮವೀರ ಚಕ್ರ ನೀಡಲಾಯಿತು.

ಆಳ್ವಿಕೆ

1965ರ ನವೆಂಬರ್ ತಿಂಗಳಲ್ಲಿ ಎರಡನೆಯ ಕ್ಷಿಪ್ರಕ್ರಾಂತಿಯ ಮೂಲಕ ಮೊಬುಟು ಅಧ್ಯಕ್ಷನಾದನು. ಮರುವರ್ಷ ಮಾಜಿ ಪ್ರಧಾನಿ ಎವಾರಿಸ್ತ್ ಕಿಂಬಾ ಸೇರಿದಂತೆ ನಾಲ್ವರು ಮಾಜಿ ಸಚಿವರನ್ನು ಭಾರಿ ಜನಸ್ತೋಮದ ಎದುರು ಗಲ್ಲಿಗೇರಿಸಲಾಯಿತು. 1967ರಲ್ಲಿ ಸ್ಥಾಪನೆಯಾದ ಈತನ ಪಕ್ಷವೇ ಕ್ರಮೇಣ ದೇಶದ ಏಕೈಕ ಪಕ್ಷವಾಯಿತು. ಬೆಲ್ಜಿಯನ್ನರ ಒಡೆತನದಲ್ಲಿದ್ದ ಬೃಹತ್ ಗಣಿ ಕಂಪನಿಯನ್ನು ರಾಷ್ಟ್ರೀಕರಿಸಲಾಯಿತು. ನಾಗರಿಕರು ಕ್ರೈಸ್ತ ಹೆಸರುಗಳನ್ನು ಕೈಬಿಟ್ಟು ಆಫ್ರಿಕನ್ ಹೆಸರುಗಳನ್ನು ಇಟ್ಟುಕೊಳ್ಳಬೇಕೆಂದು 1972ರಲ್ಲಿ ಆಜ್ಞಾಪಿಸಿದನು. ಮೊಬುಟು ಸೆಸೆ ಸೆಕೊ ಎಂಬ ಹೆಸರು ಆಗ ಬಂದದ್ದು.

1973ರಲ್ಲಿ ವಿದೇಶೀಯರ ಅಂಗಡಿ, ತೋಟ ಹಾಗೂ ಉದ್ಯಮಗಳನ್ನು ವಶಪಡಿಸಿಕೊಂಡು ಆಪ್ತರಿಗೆ ಹಂಚಿದ್ದರಿಂದ ವ್ಯಾಪಾರ ಕುಸಿಯಿತು. ಅದೇ ಸುಮಾರಿಗೆ ತಾಮ್ರದ ಬೆಲೆಯೂ ಇಳಿಯಿತು. ಸರ್ಕಾರಿ ನೌಕರರ ಮತ್ತು ಸೈನಿಕರ ಸಂಬಳ ಬೆಲೆಯೇರಿಕೆಯಲ್ಲಿ ಕರಗಿಹೋಗಿ, ಲಂಚವೇ ಜೀವನೋಪಾಯವಾಯಿತು. ಇತ್ತ ಉತ್ತರದ ಗ್ಬಾಡೊಲಿಟೆ ಗ್ರಾಮದಲ್ಲಿ ಅರಮನೆಗಳೂ, ಕಾಂಕಾರ್ಡ್ ವಿಮಾನ ಇಳಿಯಬಲ್ಲಷ್ಟು ಉದ್ದದ ರನ್‌ವೇ ಉಳ್ಳ ವಿಮಾನ ನಿಲ್ದಾಣವೂ ತಲೆಯೆತ್ತಿದವು.

ಪಾಶ್ಚಾತ್ಯ ಬೆಂಬಲ ಮತ್ತು ಅದರ ಕಾರಣಗಳು

ಬೆಂಬಲಕ್ಕೆ ಮೊದಲ ಕಾರಣ ಶೀತಲ ಸಮರ. ಕಾಂಗೋ ಒಂಬತ್ತು ದೇಶಗಳೊಂದಿಗೆ ಗಡಿ ಹಂಚಿಕೊಂಡಿರುವ ವಿಶಾಲ ದೇಶ. ಅದು ಸೋವಿಯತ್ ಪ್ರಭಾವಕ್ಕೆ ಒಳಗಾಗುವುದೆಂಬ ಭಯ ಅಮೆರಿಕಕ್ಕಿತ್ತು. ಎರಡನೆಯದು ಖನಿಜ ಸಂಪತ್ತು. ಹಿರೋಶಿಮಾ ಬಾಂಬಿನ ಯುರೇನಿಯಂ ಬಹುಪಾಲು ಬಂದದ್ದು ಕಟಾಂಗಾದ ಶಿಂಕೊಲೊಬ್ವೆ ಗಣಿಯಿಂದ. ಜೆಟ್ ಎಂಜಿನ್‌ಗಳಿಗೆ ಬೇಕಾದ ಕೋಬಾಲ್ಟ್ ಕೂಡ ಅಲ್ಲಿಂದಲೇ ಬರುತ್ತಿತ್ತು. ಮೂರನೆಯದು ನೆರೆಯ ಅಂಗೋಲಾ ಯುದ್ಧ. ಅಲ್ಲಿನ ಸೋವಿಯತ್ ಪರ ಸರ್ಕಾರದ ವಿರೋಧಿಗಳಿಗೆ ನೆರವು ತಲುಪಿಸಲು ಜೈರ್ ದಾರಿಯಾಗಿತ್ತು.

ಈ ಅಗತ್ಯವನ್ನು ಮೊಬುಟು ಚೆನ್ನಾಗಿ ಅರಿತಿದ್ದನು. 1973ರಲ್ಲಿ ಚೀನಾಕ್ಕೆ ಭೇಟಿಯಿತ್ತನು. 1975ರಲ್ಲಿ ಸಂಚಿನ ಆರೋಪ ಹೊರಿಸಿ ಅಮೆರಿಕದ ರಾಯಭಾರಿಯನ್ನೇ ಹೊರಹಾಕಿದನು. ಆದರೂ ಕೆಲವೇ ತಿಂಗಳಲ್ಲಿ ಅಂಗೋಲಾ ವಿಷಯದಲ್ಲಿ ಉಭಯ ದೇಶಗಳು ಒಂದಾದವು. ಅಂಗೋಲಾದಿಂದ ಬಂಡುಕೋರರು 1977ರಲ್ಲಿ ನುಗ್ಗಿದಾಗ ಫ್ರೆಂಚ್ ವಿಮಾನಗಳಲ್ಲಿ ಮೊರಾಕೊ ಸೈನಿಕರು ಬಂದರು. 1978ರಲ್ಲಿ ಫ್ರೆಂಚ್ ಮತ್ತು ಬೆಲ್ಜಿಯನ್ ಪಡೆಗಳು ಕೊಲ್ವೆಜಿಯಲ್ಲಿ ಇಳಿದವು. ಮಾನವ ಹಕ್ಕುಗಳನ್ನು ವಿದೇಶಾಂಗ ನೀತಿಯ ಮುಖ್ಯಾಂಶವೆಂದು ಸಾರಿದ್ದ ಅಧ್ಯಕ್ಷ ಜಿಮ್ಮಿ ಕಾರ್ಟರ್‌ನ ಸರ್ಕಾರವೂ ಆಗ ಸಾಗಣೆ ವಿಮಾನಗಳನ್ನು ಒದಗಿಸಿತು.

ಬೆಂಬಲಿಗರಿಗೆ ವಸ್ತುಸ್ಥಿತಿ ತಿಳಿದಿರಲಿಲ್ಲ ಎನ್ನಲಾಗದು. ಅಂತರರಾಷ್ಟ್ರೀಯ ಹಣಕಾಸು ನಿಧಿಯು 1978ರಲ್ಲಿ ಜರ್ಮನಿಯ ಬ್ಯಾಂಕ್ ಅಧಿಕಾರಿ ಎರ್ವಿನ್ ಬ್ಲೂಮೆಂಥಾಲ್‌ನನ್ನು ಜೈರ್‌ನ ಕೇಂದ್ರೀಯ ಬ್ಯಾಂಕಿಗೆ ನಿಯೋಜಿಸಿತು. ಬೊಕ್ಕಸದ ಹಣ ಅಧ್ಯಕ್ಷನ ಕಡೆಗೆ ಹರಿಯುತ್ತಿದೆಯೆಂದೂ, ಸಾಲ ಕೊಟ್ಟವರಿಗೆ ಅದು ಹಿಂತಿರುಗುವ ಆಸೆಯಿಲ್ಲವೆಂದೂ ಆತನು 1982ರಲ್ಲಿ ವರದಿ ನೀಡಿದನು. ವರದಿಯ ನಂತರವೂ ಸಾಲ ನಿಲ್ಲಲಿಲ್ಲ. ಮೊಬುಟು ಹೋದರೆ ದೇಶವೇ ಛಿದ್ರವಾಗುವುದೆಂಬುದು ಬೆಂಬಲಿಗರ ವಾದವಾಗಿತ್ತು. ಪರ್ಯಾಯ ನಾಯಕರನ್ನೂ ಸಂಸ್ಥೆಗಳನ್ನೂ ಮೊಬುಟುವೇ ನಾಶಮಾಡಿದ್ದರಿಂದ, ಬೆಂಬಲ ಮುಂದುವರಿದಷ್ಟೂ ಆ ವಾದ ನಿಜವಾಗುತ್ತ ಹೋಯಿತು. ಬೆಂಬಲಿಸಿದ ದೇಶಗಳ ಮತದಾರರಿಗೆ ಇದರ ಹೊರೆ ಕಾಣುತ್ತಿರಲಿಲ್ಲ, ಹೊರೆ ಹೊತ್ತ ಕಾಂಗೋ ಜನರಿಗೆ ಆ ದೇಶಗಳಲ್ಲಿ ಮತವಿರಲಿಲ್ಲ.

ಪತನ ಮತ್ತು ಮರಣ

1989ರ ಜೂನ್‌ನಲ್ಲಿ ಅಧ್ಯಕ್ಷ ಜಾರ್ಜ್ ಬುಷ್ (ಹಿರಿಯ) ಮೊಬುಟುವನ್ನು ಶ್ವೇತಭವನದಲ್ಲಿ ಬರಮಾಡಿಕೊಂಡನು. ಅದೇ ವರ್ಷ ಬರ್ಲಿನ್ ಗೋಡೆ ಬಿದ್ದು, ಶೀತಲ ಸಮರ ಮುಗಿಯುತ್ತ ಬಂದಂತೆ ಮೊಬುಟುವಿನ ಅಗತ್ಯವೂ ಮುಗಿಯಿತು. 1990ರ ಏಪ್ರಿಲ್‌ನಲ್ಲಿ ಈತನು ಏಕಪಕ್ಷ ಪದ್ಧತಿಯ ಅಂತ್ಯವನ್ನು ಘೋಷಿಸಿದನು. ಮೇ ತಿಂಗಳಲ್ಲಿ ಲುಬುಂಬಾಶಿ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಗಳ ಹತ್ಯೆಯಾದ ನಂತರ ಬೆಲ್ಜಿಯಂ ನೆರವನ್ನು ನಿಲ್ಲಿಸಿತು. 1991ರಲ್ಲಿ ಸಂಬಳದ ಕಾರಣಕ್ಕೆ ರೊಚ್ಚಿಗೆದ್ದ ಸೈನಿಕರು ಕಿನ್ಶಾಸಾವನ್ನು ಲೂಟಿ ಮಾಡಿದರು.

1994ರ ರುವಾಂಡಾ ನರಮೇಧದ ನಂತರ ಹತ್ತು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಪೂರ್ವ ಜೈರ್‌ಗೆ ಬಂದರು. ಅವರ ನಡುವೆ ನರಮೇಧ ನಡೆಸಿದವರೂ ಇದ್ದರು. 1996ರಲ್ಲಿ ರುವಾಂಡಾ ಮತ್ತು ಉಗಾಂಡಾ ಬೆಂಬಲದೊಂದಿಗೆ ಲಾರೆಂಟ್ ಕಬಿಲಾನ ನೇತೃತ್ವದಲ್ಲಿ ಬಂಡಾಯ ಆರಂಭವಾಯಿತು. ಸಂಬಳವಿಲ್ಲದ ಸೇನೆ ಹೋರಾಡದೆ ಚದುರಿತು. ನೆಲ್ಸನ್ ಮಂಡೇಲಾ ಅವರ ಸಂಧಾನವೂ ಫಲಿಸಲಿಲ್ಲ. ಕ್ಯಾನ್ಸರ್‌ನಿಂದ ಬಳಲುತ್ತಿದ್ದ ಮೊಬುಟು 16 ಮೇ 1997ರಂದು ರಾಜಧಾನಿಯನ್ನು ಬಿಟ್ಟನು. ಸೆಪ್ಟೆಂಬರ್ 7ರಂದು ಮೊರಾಕೊದ ರಬಾತ್‌ನಲ್ಲಿ ಮೃತನಾಗಿ, ಅಲ್ಲಿನ ಕ್ರೈಸ್ತ ಸ್ಮಶಾನದಲ್ಲಿ ಸಮಾಧಿಗೊಂಡನು.

ಪರಿಣಾಮ

ದೇಶಕ್ಕೆ ಕಾಂಗೋ ಎಂಬ ಹೆಸರು ಮರಳಿತಾದರೂ ಶಾಂತಿ ಮರಳಲಿಲ್ಲ. 1998ರಿಂದ 2003ರವರೆಗೆ ಹಲವು ಆಫ್ರಿಕನ್ ದೇಶಗಳು ಪಾಲ್ಗೊಂಡ ಯುದ್ಧದಲ್ಲಿ ಅಪಾರ ಜನರು, ಬಹುಪಾಲು ಹಸಿವು ಮತ್ತು ರೋಗಗಳಿಂದ, ಪ್ರಾಣ ಕಳೆದುಕೊಂಡರು. ಸ್ವಿಟ್ಜರ್ಲೆಂಡಿನ ಬ್ಯಾಂಕುಗಳಲ್ಲಿ ಪತ್ತೆಯಾಗಿ ತಡೆಹಿಡಿಯಲಾಗಿದ್ದ ಮೊಬುಟುವಿನ ಸುಮಾರು 77 ಲಕ್ಷ ಫ್ರಾಂಕ್ ಹಣವನ್ನು 2009ರಲ್ಲಿ ಆತನ ವಾರಸುದಾರರಿಗಾಗಿ ಬಿಡುಗಡೆ ಮಾಡಲಾಯಿತು. ಆತನ ಕಾಲದಲ್ಲಿ ಪಡೆದ ಸಾಲದ ಹೊರೆ ಮಾತ್ರ ಕಾಂಗೋ ಜನತೆಯ ಮೇಲೆ ಉಳಿಯಿತು.