ಮಾನವಿಯ ಶ್ರೀ ಜಗನ್ನಾಥದಾಸರು

ದಾಸಸಾಹಿತ್ಯಕ್ಕೆ ಶಾಸ್ತ್ರಗ್ರಂಥದ ಗೌರವವನ್ನು ತಂದಿತ್ತ ಮಹನೀಯರಲ್ಲಿ ಶ್ರೀ ಜಗನ್ನಾಥದಾಸಾರ್ಯರು ಅಗ್ರಗಣ್ಯರು. ಅವರ ಹರಿಕಥಾಮೃತಸಾರವನ್ನು ನಾವು ಪಾರಾಯಣ ಮಾಡುತ್ತೇವೆ, ಪ್ರವಚನಗಳಲ್ಲಿ ಕೇಳುತ್ತೇವೆ. ಒಂದು ಕಾಲದಲ್ಲಿ ಕನ್ನಡ ಪದಗಳನ್ನು ಲಘುವಾಗಿ ಕಂಡ ಪಂಡಿತರೇ ಅದನ್ನು ರಚಿಸಿದರೆಂಬುದನ್ನು ಸ್ಮರಿಸಿದಾಗ ಆ ಗ್ರಂಥದ ಹಿರಿಮೆ ನಮಗೆ ಇನ್ನಷ್ಟು ಮನದಟ್ಟಾಗುತ್ತದೆ.

ಕೃಷ್ಣಾ ತುಂಗಭದ್ರೆಯರ ನಡುವಣ ರಾಯಚೂರು ಸೀಮೆಯ ಬ್ಯಾಗವಾಟ ಗ್ರಾಮದಲ್ಲಿ, 1728ರಲ್ಲಿ, ನರಸಿಂಹಾಚಾರ್ಯ ಮತ್ತು ಲಕ್ಷ್ಮಕ್ಕ ದಂಪತಿಗಳ ಪುತ್ರರಾಗಿ ಅವರು ಜನಿಸಿದರು. ತಂದೆತಾಯಿಗಳಿಟ್ಟ ಹೆಸರು ಶ್ರೀನಿವಾಸ. ಮಂತ್ರಾಲಯ ಪರಂಪರೆಯ ಶ್ರೀ ವರದೇಂದ್ರತೀರ್ಥರ ಸನ್ನಿಧಿಯಲ್ಲಿ ಅಧ್ಯಯನ ಮಾಡಿ, ಸಂಸ್ಕೃತದಲ್ಲಿಯೂ ದ್ವೈತವೇದಾಂತದಲ್ಲಿಯೂ ಪ್ರೌಢ ಪಾಂಡಿತ್ಯವನ್ನು ಗಳಿಸಿ ಶ್ರೀನಿವಾಸಾಚಾರ್ಯರೆಂದು ಖ್ಯಾತರಾದರು.

ಆ ಕಾಲದಲ್ಲಿ ಶ್ರೀ ವಿಜಯದಾಸರು ಸುಳಾದಿಗಳ ಮೂಲಕ ತತ್ತ್ವಪ್ರಸಾರ ಮಾಡುತ್ತಿದ್ದರು. ಅವರು ಮಾನವಿಗೆ ಬಿಜಯಮಾಡಿದಾಗ ಆಚಾರ್ಯರನ್ನು ಪ್ರಸಾದಕ್ಕೆ ಆಹ್ವಾನಿಸಿದರೆಂದೂ, ಕನ್ನಡ ಪದ ಹಾಡುವ ದಾಸರೆಂಬ ಉಪೇಕ್ಷೆಯಿಂದ ಆಚಾರ್ಯರು ಹೊಟ್ಟೆನೋವಿನ ನೆಪವೊಡ್ಡಿ ಹೋಗಲಿಲ್ಲವೆಂದೂ ಐತಿಹ್ಯವಿದೆ. ನೆಪವೇ ನಿಜವಾಯಿತು. ಉದರವ್ಯಾಧಿ ಉಲ್ಬಣಿಸಿ ಪ್ರಾಣಕ್ಕೇ ಸಂಚಕಾರ ಬಂದಿತು. ಕಡೆಗೆ ವಿಜಯದಾಸರಿಗೆ ಶರಣಾಗಲು, ಅವರು ತಮ್ಮ ಶಿಷ್ಯರಾದ ಶ್ರೀ ಗೋಪಾಲದಾಸರ ಬಳಿಗೆ ಕಳುಹಿಸಿದರು. ಗೋಪಾಲದಾಸರು ತಮ್ಮ ಆಯುಷ್ಯದಲ್ಲಿ 40 ವರ್ಷಗಳನ್ನು ಧಾರೆಯೆರೆದು ಆಚಾರ್ಯರನ್ನು ಉಳಿಸಿದರೆಂದು ದಾಸಪರಂಪರೆ ನಂಬಿದೆ. ಅನಂತರ ಪಂಢರಪುರದ ಚಂದ್ರಭಾಗೆಯಲ್ಲಿ ಮಿಂದಾಗ ಅವರಿಗೆ ಜಗನ್ನಾಥವಿಠಲ ಎಂಬ ಅಂಕಿತವು ಲಭಿಸಿತು.

ದಾಸರ ಪದಗಳಲ್ಲಿ ಅಂಕಿತವೆಂದರೆ ಕೊನೆಯ ನುಡಿಯಲ್ಲಿ ಬರುವ ಭಗವನ್ನಾಮ. ಕವಿಯು ತನ್ನ ಹೆಸರನ್ನು ಹೇಳದೆ ಕೃತಿಯನ್ನು ಸ್ವಾಮಿಯ ಹೆಸರಿಗೇ ಒಪ್ಪಿಸುವ ಪದ್ಧತಿಯಿದು. ಪಾಂಡಿತ್ಯದ ಅಭಿಮಾನವನ್ನು ತೊರೆದವರಿಗೆ ಇದಕ್ಕಿಂತ ಉಚಿತವಾದ ದೀಕ್ಷೆ ಬೇರೇನಿದ್ದೀತು?

ಅನಂತರ ದಾಸರು ಕನ್ನಡದ ಪದ್ಯಪ್ರಕಾರಗಳನ್ನು ಒಂದೊಂದಾಗಿ ತತ್ತ್ವಸೇವೆಗೆ ಬಳಸಿಕೊಂಡರು. ಪಲ್ಲವಿ ಚರಣಗಳುಳ್ಳ ಕೀರ್ತನೆಗಳನ್ನು ಹಾಡಿದರು. ನುಡಿನುಡಿಗೂ ತಾಳ ಬದಲಾಗುವ ಸುಳಾದಿಗಳನ್ನೂ, ತಾಳದ ಕಟ್ಟಿಲ್ಲದ ಕಿರಿದಾದ ಉಗಾಭೋಗಗಳನ್ನೂ ರಚಿಸಿದರು. ಬೀಸುವಾಗ ಕುಟ್ಟುವಾಗ ನಮ್ಮ ಅಜ್ಜಿಯರು ಹಾಡುತ್ತಿದ್ದ ಮೂರು ಸಾಲಿನ ತ್ರಿಪದಿಯಲ್ಲಿ ತತ್ತ್ವಸುವ್ವಾಲಿಯನ್ನು ಕಟ್ಟಿದರು. ಮಹಾಕೃತಿಗೆ ಆರಿಸಿಕೊಂಡದ್ದು ಭಾಮಿನೀ ಷಟ್ಪದಿ. ಕುಮಾರವ್ಯಾಸನು ಭಾರತವನ್ನು ಹೇಳಿದ ಛಂದಸ್ಸೂ ಅದೇ.

ಈ ಛಂದಸ್ಸಿನ ಲಕ್ಷಣವನ್ನು ಮನೆಯ ಮಕ್ಕಳಿಗೂ ಕಲಿಸಬಹುದು. ಹ್ರಸ್ವಾಕ್ಷರಕ್ಕೆ ಒಂದು ಮಾತ್ರೆ, ಅದು ಲಘು. ದೀರ್ಘಾಕ್ಷರಕ್ಕೂ ಒತ್ತಕ್ಷರದ ಹಿಂದಿನ ಅಕ್ಷರಕ್ಕೂ ಎರಡು ಮಾತ್ರೆ, ಅದು ಗುರು. ಪದ್ಯಕ್ಕೆ ಆರು ಸಾಲು. 1, 2, 4, 5ನೆಯ ಸಾಲುಗಳಲ್ಲಿ ಮೂರು, ನಾಲ್ಕು, ಮೂರು, ನಾಲ್ಕು ಎಂದು 14 ಮಾತ್ರೆಗಳು. 3 ಮತ್ತು 6ನೆಯ ಸಾಲುಗಳಲ್ಲಿ ಮೂರು ನಾಲ್ಕರ ಜೋಡಿ ಮೂರು ಬಾರಿ ಬಂದು ಕೊನೆಗೊಂದು ಗುರು ಸೇರಿ 23 ಮಾತ್ರೆಗಳು. ಆರೂ ಸಾಲುಗಳ ಎರಡನೆಯ ಅಕ್ಷರದಲ್ಲಿ ಒಂದೇ ವ್ಯಂಜನ ಬರುವುದು ಆದಿಪ್ರಾಸ. ಕೈತಟ್ಟಿ ಎಣಿಸಿದರೆ ನಡೆ ತಾನಾಗಿ ತಿಳಿಯುತ್ತದೆ. ಒಂದು ಅಕ್ಷರ ತಪ್ಪಿದರೂ ಕಿವಿಗೆ ಎಡವಿದಂತಾಗುತ್ತದೆ. ಗಹನವಾದ ಪ್ರಮೇಯಗಳು ಓದುಬರಹವಿಲ್ಲದವರ ನಾಲಗೆಯಲ್ಲಿಯೂ ಕೆಡದೆ ಉಳಿದುದಕ್ಕೆ ಈ ಕಟ್ಟೇ ಕಾವಲು.

ಹರಿಕಥಾಮೃತಸಾರದ 32 ಸಂಧಿಗಳಲ್ಲಿ ತಾರತಮ್ಯ, ಬಿಂಬೋಪಾಸನೆ, ಭಗವದ್ವ್ಯಾಪ್ತಿ ಮೊದಲಾದ ವಿಷಯಗಳು ಕ್ರಮವಾಗಿ ನಿರೂಪಿತವಾಗಿವೆ. ಫಲಸ್ತುತಿಯ ಸಂಧಿಯು ಶ್ರೀದವಿಠಲಾಂಕಿತರಾದ ಕರ್ಜಗಿ ದಾಸಪ್ಪನವರದು. ಗುರುಗಳ ಕರುಣೆಯಿಂದ ಸಾಧ್ಯವಾದಷ್ಟನ್ನು ಹೇಳುವೆನೆಂಬ ವಿನಯದ ಪಲ್ಲವಿಯನ್ನು ನಾವು ಪ್ರತಿ ಸಂಧಿಯ ಆದಿಯಲ್ಲಿಯೂ ಪಠಿಸುತ್ತೇವೆ. ಮುಂದೆ ಸಂಕರ್ಷಣ ಒಡೆಯರು ಈ ಕನ್ನಡ ಗ್ರಂಥಕ್ಕೆ ಸಂಸ್ಕೃತದಲ್ಲಿ ವ್ಯಾಖ್ಯಾನ ಬರೆದರು. ಹಿಂದೆ ಯಾವ ಭಾಷೆಯ ಪದಗಳನ್ನು ಪಂಡಿತರು ಉಪೇಕ್ಷಿಸಿದ್ದರೋ ಆ ಭಾಷೆಯ ಕೃತಿಯನ್ನು ಪಂಡಿತರ ಭಾಷೆಯೇ ತಲೆಬಾಗಿ ವಿವರಿಸಿತು.

ಶ್ರೀ ಪ್ರಾಣೇಶದಾಸರೇ ಮೊದಲಾದ ಶಿಷ್ಯರನ್ನು ಅನುಗ್ರಹಿಸಿ, 1809ರ ಭಾದ್ರಪದ ಶುದ್ಧ ನವಮಿಯಂದು ದಾಸರು ಮಾನವಿಯಲ್ಲಿ ಹರಿಪಾದವನ್ನು ಸೇರಿದರು. ಅಲ್ಲಿಯ ಮನೆಯ ಕಂಬದಲ್ಲಿ ಅವರ ಸನ್ನಿಧಾನವಿದೆಯೆಂದು ಭಕ್ತರು ಇಂದಿಗೂ ಸೇವೆ ಸಲ್ಲಿಸುತ್ತಾರೆ.

ಮುಂಬಯಿ, ಪುಣೆ, ಚೆನ್ನೈಗಳಲ್ಲಿ ಬೆಳೆಯುತ್ತಿರುವ ನಮ್ಮ ಎಷ್ಟೋ ಮಕ್ಕಳಿಗೆ ಕನ್ನಡ ಮಾತು ಬರುತ್ತದೆ, ಅಕ್ಷರ ಬಾರದು. ಅನ್ಯಲಿಪಿಯಲ್ಲಿ ಬರೆದುಕೊಂಡು ಓದುವಾಗ ಹ್ರಸ್ವ ದೀರ್ಘಗಳು ಕಲೆತುಹೋಗುತ್ತವೆ, ಅದರೊಡನೆ ಅರ್ಥವೂ ಕೆಡುತ್ತದೆ. ಏಕಾದಶಿಗೊಮ್ಮೆ ಒಂದೇ ಒಂದು ಪದ್ಯವನ್ನು ಎದುರಿಗಿಟ್ಟುಕೊಂಡು ಮಾತ್ರೆ ಎಣಿಸಿ, ಪ್ರಾಸ ಗುರುತಿಸಿ, ಅರ್ಥ ಹೇಳಿಕೊಟ್ಟರೆ ಸಾಕು. ಅಕ್ಷರವೂ ಬಂದೀತು, ತತ್ತ್ವವೂ ನಿಂತೀತು. ದಾಸಾರ್ಯರು ಕನ್ನಡಕ್ಕೆ ಮರಳಿ ಬಂದಂತೆ ನಮ್ಮ ಮುಂದಿನ ತಲೆಮಾರೂ ಮರಳಿ ಬರಲೆಂದು ಅವರನ್ನೇ ಪ್ರಾರ್ಥಿಸೋಣ.

॥ ಶ್ರೀಕೃಷ್ಣಾರ್ಪಣಮಸ್ತು ॥