ಡಾ. ಕೆ. ಶಿವರಾಮ ಕಾರಂತರು ಮತ್ತು ಪಶ್ಚಿಮ ಘಟ್ಟದ ಅರಣ್ಯಗಳು

ಪುತ್ತೂರು, ಸುಳ್ಯ ಹಾಗೂ ಕಡಬ ತಾಲ್ಲೂಕುಗಳ ಅರಣ್ಯಗಳನ್ನು ಕನ್ನಡ ಓದುಗರಿಗೆ ಪರಿಚಯಿಸಿದವರಲ್ಲಿ ಡಾ. ಕೋಟ ಶಿವರಾಮ ಕಾರಂತರು ಅಗ್ರಗಣ್ಯರು. ಸಾಹಿತಿಯಾಗಿ ಅವರು ಸರ್ವರಿಗೂ ಸುಪರಿಚಿತರು. ಇಂದು ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಕರೆಯಲ್ಪಡುವ ಅರಣ್ಯದ ಪರವಾಗಿ ಅವರು ನಡೆಸಿದ ಹೋರಾಟದ ವಿವರವನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ನೀಡಲಾಗಿದೆ.

ಜನನ ಮತ್ತು ಆರಂಭಿಕ ಜೀವನ

ಕಾರಂತರು 1902ರ ಅಕ್ಟೋಬರ್ 10ರಂದು ಉಡುಪಿ ಸಮೀಪದ ಕೋಟದಲ್ಲಿ ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಗಾಂಧೀಜಿಯವರ ಅಸಹಕಾರ ಚಳವಳಿಯಿಂದ ಪ್ರಭಾವಿತರಾಗಿ ಕಾಲೇಜು ಶಿಕ್ಷಣವನ್ನು ತೊರೆದರು. ಖಾದಿ ಪ್ರಚಾರ, ಪತ್ರಿಕೆ ಹಾಗೂ ನಾಟಕಗಳಲ್ಲಿ ತೊಡಗಿದ ನಂತರ ಪುತ್ತೂರನ್ನು ತಮ್ಮ ಕರ್ಮಭೂಮಿಯನ್ನಾಗಿ ಮಾಡಿಕೊಂಡರು.

ಪುತ್ತೂರಿನ ದಿನಗಳು

ಪುತ್ತೂರಿನ ಪರ್ಲಡ್ಕದಲ್ಲಿ ಬಾಲವನವನ್ನು ಸ್ಥಾಪಿಸಿ, ಪ್ರಕೃತಿಯ ನಡುವೆ ಮಕ್ಕಳಿಗೆ ಶಿಕ್ಷಣ ನೀಡುವ ಪ್ರಯೋಗವನ್ನು ಕೈಗೊಂಡರು. 1936ರಲ್ಲಿ ಲೀಲಾ ಆಳ್ವ ಅವರನ್ನು ವಿವಾಹವಾದರು. ಮಕ್ಕಳಿಗಾಗಿ ಬಾಲ ಪ್ರಪಂಚ ಹಾಗೂ ಮುಂದೆ ಜನಸಾಮಾನ್ಯರಿಗಾಗಿ ವಿಜ್ಞಾನ ಪ್ರಪಂಚ ಸಂಪುಟಗಳನ್ನು ಏಕಾಂಗಿಯಾಗಿ ರಚಿಸಿದರು. 1970ರ ದಶಕದಲ್ಲಿ ಸಾಲಿಗ್ರಾಮಕ್ಕೆ ತೆರಳುವವರೆಗೆ ಪುತ್ತೂರೇ ಅವರ ನೆಲೆಯಾಗಿತ್ತು.

1943ರಲ್ಲಿ ಪ್ರಕಟವಾದ ಬೆಟ್ಟದ ಜೀವ ಕಾದಂಬರಿಯು ಸುಬ್ರಹ್ಮಣ್ಯ ಪರಿಸರದ, ಕುಮಾರಪರ್ವತದ ತಪ್ಪಲಿನ ಕೃಷಿಕರ ಬದುಕನ್ನು ಚಿತ್ರಿಸುತ್ತದೆ. ಕಾಡನ್ನು ಕಡಿದು ತೋಟ ಮಾಡುವ ಶ್ರಮ, ಕಾಡುಪ್ರಾಣಿಗಳ ಹಾವಳಿ, ಹುಲಿಯ ಭಯ, ಅವೆಲ್ಲದರ ನಡುವೆಯೂ ಬೆಟ್ಟವನ್ನು ಬಿಟ್ಟು ಹೋಗಲೊಪ್ಪದ ಮನಸ್ಸು ಇದರ ವಸ್ತು. ಸುಬ್ರಹ್ಮಣ್ಯವು ಈಗ ಕಡಬ ತಾಲ್ಲೂಕಿಗೆ ಸೇರಿದೆ. ಕುಮಾರಪರ್ವತವು ಕೊಡಗು ಜಿಲ್ಲೆಯ ಪುಷ್ಪಗಿರಿ ವನ್ಯಜೀವಿಧಾಮದ ವ್ಯಾಪ್ತಿಯಲ್ಲಿದ್ದು, ಈ ವನ್ಯಜೀವಿಧಾಮವು 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ತಾಣಗಳಲ್ಲಿ ಒಂದಾಗಿದೆ.

ಪರಿಸರ ಹೋರಾಟ

ಇಳಿವಯಸ್ಸಿನಲ್ಲಿ ಕಾರಂತರು ಪರಿಸರ ರಕ್ಷಣೆಯ ಕಾರ್ಯಕ್ಕೆ ತಮ್ಮನ್ನು ತೊಡಗಿಸಿಕೊಂಡರು. ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರವು 1982ರಲ್ಲಿ ಹೊರತಂದ ದೇಶದ ಪರಿಸರ ಸ್ಥಿತಿಗತಿಯ ವರದಿಯನ್ನು ಕನ್ನಡಕ್ಕೆ ತಂದರು. ಗ್ರಾಮಗಳ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ನೆಡುತೋಪು ಬೆಳೆಸುವ ಯೋಜನೆಯ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಮೊರೆ ಹೋದವರಲ್ಲಿ ಅವರೂ ಒಬ್ಬರು.

ಉತ್ತರ ಕನ್ನಡ ಜಿಲ್ಲೆಯ ಕೈಗಾದಲ್ಲಿ, ಕಾಳಿ ನದಿಯ ದಡದ ದಟ್ಟ ಅರಣ್ಯದ ನಡುವೆ ಅಣುವಿದ್ಯುತ್ ಸ್ಥಾವರ ನಿರ್ಮಿಸುವುದನ್ನು ಅವರು ತೀವ್ರವಾಗಿ ವಿರೋಧಿಸಿದರು. 1989ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ, ಇದೇ ವಿಷಯವನ್ನು ಜನರ ಮುಂದಿಡಲು ಲೋಕಸಭಾ ಚುನಾವಣೆಗೆ ಸ್ಪರ್ಧಿಸಿ ಪರಾಭವಗೊಂಡರು. ಯೋಜನೆಯು ನಿಲ್ಲಲಿಲ್ಲ. ಅವರ ನಿಧನಾನಂತರ, 2000ದಲ್ಲಿ ಕೈಗಾದ ಮೊದಲ ಎರಡು ಘಟಕಗಳು ವಾಣಿಜ್ಯ ಉತ್ಪಾದನೆಯನ್ನು ಆರಂಭಿಸಿದವು.

ಆದರೆ ಆ ಭಾಗದ ಅರಣ್ಯದ ಮಹತ್ವಕ್ಕೆ ಕ್ರಮೇಣ ಅಧಿಕೃತ ಮನ್ನಣೆ ದೊರೆಯಿತು. 1956ರಲ್ಲಿ ಘೋಷಿತವಾದ ದಾಂಡೇಲಿ ವನ್ಯಜೀವಿಧಾಮ ಹಾಗೂ 1987ರಲ್ಲಿ ಘೋಷಿತವಾದ ಅಣಶಿ ರಾಷ್ಟ್ರೀಯ ಉದ್ಯಾನಗಳನ್ನು ಒಳಗೊಂಡು 2007ರಲ್ಲಿ ದಾಂಡೇಲಿ-ಅಣಶಿ ಹುಲಿ ಸಂರಕ್ಷಿತ ಪ್ರದೇಶವು ಅಸ್ತಿತ್ವಕ್ಕೆ ಬಂದಿತು. 2015ರಲ್ಲಿ ಇದಕ್ಕೆ ಕಾಳಿ ಹುಲಿ ಸಂರಕ್ಷಿತ ಪ್ರದೇಶವೆಂದು ಮರುನಾಮಕರಣ ಮಾಡಲಾಯಿತು. ಸುಮಾರು 1,300 ಚದರ ಕಿ.ಮೀ. ವಿಸ್ತೀರ್ಣದ ಈ ಪ್ರದೇಶವು ಹುಲಿಗಳಿಗೂ ಕರಿಚಿರತೆಗಳಿಗೂ ಹೆಸರಾಗಿದೆ. ಒಂದು ಕಾಡಿನ ಭವಿಷ್ಯವನ್ನು ನಿರ್ಧರಿಸುವಾಗ ಜನರ ಅಭಿಪ್ರಾಯಕ್ಕೂ ಸ್ಥಾನವಿರಬೇಕೆಂಬ ಅವರ ನಿಲುವು ಸೋಲಿನ ನಂತರವೂ ಉಳಿಯಿತು.

ಕಾರಂತರ ಪುತ್ರ, ಪುತ್ತೂರಿನಲ್ಲಿ ಬೆಳೆದ ಡಾ. ಕೆ. ಉಲ್ಲಾಸ ಕಾರಂತರು ನಾಗರಹೊಳೆಯಲ್ಲಿ ಹುಲಿಗಳ ಕುರಿತು ದೀರ್ಘಕಾಲ ವೈಜ್ಞಾನಿಕ ಅಧ್ಯಯನ ನಡೆಸಿರುತ್ತಾರೆ. ಮೈಮೇಲಿನ ಪಟ್ಟೆಗಳಿಂದ ಪ್ರತಿಯೊಂದು ಹುಲಿಯನ್ನು ಗುರುತಿಸುವ ಕ್ಯಾಮೆರಾ ಟ್ರ್ಯಾಪ್ ಎಣಿಕೆ ವಿಧಾನವನ್ನು ರೂಪಿಸುವಲ್ಲಿ ಅವರ ಪಾತ್ರ ಪ್ರಮುಖವಾದುದು.

ಗೌರವಗಳು ಮತ್ತು ನಿಧನ

ಕಾರಂತರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಹಾಗೂ ಮೂಕಜ್ಜಿಯ ಕನಸುಗಳು ಕೃತಿಗೆ 1977ನೆಯ ಸಾಲಿನ ಜ್ಞಾನಪೀಠ ಪ್ರಶಸ್ತಿ ಸಂದಿವೆ. ತಮಗೆ ದೊರೆತ ಪದ್ಮಭೂಷಣವನ್ನು ತುರ್ತುಪರಿಸ್ಥಿತಿಯನ್ನು ವಿರೋಧಿಸಿ ಹಿಂದಿರುಗಿಸಿದರು. 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ನಿಧನರಾದರು. ಪುತ್ತೂರಿನ ಬಾಲವನವನ್ನು ಅವರ ಸ್ಮಾರಕವಾಗಿ ಸಂರಕ್ಷಿಸಲಾಗಿದೆ.

ಸಾರ್ವಜನಿಕರ ಗಮನಕ್ಕೆ

ಬೆಟ್ಟದ ಜೀವದಲ್ಲಿ ಚಿತ್ರಿತವಾದ ಕೃಷಿಕರ ಸಂಕಷ್ಟವು ಕಾಡಂಚಿನ ಗ್ರಾಮಗಳಲ್ಲಿ ಇಂದಿಗೂ ಇದೆ. ವನ್ಯಪ್ರಾಣಿಗಳಿಂದ ಬೆಳೆಹಾನಿ, ಜಾನುವಾರು ಹಾನಿ ಅಥವಾ ಮಾನವ ಪ್ರಾಣಹಾನಿ ಸಂಭವಿಸಿದಲ್ಲಿ ಸರ್ಕಾರದಿಂದ ದಯಾತ್ಮಕ ಧನ ಪಡೆಯಲು ಅವಕಾಶವಿರುತ್ತದೆ. ಸಂಬಂಧಪಟ್ಟವರು ವಿಳಂಬ ಮಾಡದೆ ತಮ್ಮ ವ್ಯಾಪ್ತಿಯ ವಲಯ ಅರಣ್ಯಾಧಿಕಾರಿಗಳ ಕಛೇರಿಗೆ ಮಾಹಿತಿ ನೀಡಿ ಅರ್ಜಿ ಸಲ್ಲಿಸತಕ್ಕದ್ದು.